ಗಿರಣಿಗೆ ಎಷ್ಟು ವರ್ಷ ಹಿಡಿಯಲಿ?

ಇದು ಮೂರು ವರ್ಷದ ಹಿಂದಿನ ಬೇಸಿಗೆಯ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಮುಗಿಯುತ್ತ ಬಂದಿತ್ತು. ನಮ್ಮ ಕಾಲೇಜಿನಲ್ಲಿ ಪಾಠಗಳು ಮುಗಿದಿದ್ದವು, ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ನಾನು ರಾಣೆಬೆನ್ನೂರಿನವಳು. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಪಾಠ ಹೇಳುತ್ತೇನೆ. ನನ್ನ ಪಾಲಿಗೆ ಬಂದ ವಿಷಯಗಳಲ್ಲಿ ಒಂದು ಇಂಜಿನಿಯರಿಂಗ್ ಎಕನಾಮಿಕ್ಸ್. ಹಳೆಯ ಯಂತ್ರವನ್ನೇ ರಿಪೇರಿ ಮಾಡಿಸಿ ಓಡಿಸುವುದು ಲಾಭವೋ, ಹೊಸದು ಕೊಳ್ಳುವುದು ಲಾಭವೋ ಎಂದು ಲೆಕ್ಕ ಹಾಕಿ ಹೇಳುವ ವಿದ್ಯೆ ಅದು. ಹುಡುಗರಿಗೆ ಅದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ನಮ್ಮ ಅಮ್ಮಿಗಂತೂ ಮಗಳು ಇಂಜಿನಿಯರೋ, ಬ್ಯಾಂಕಿನವಳೋ ಎಂಬ ಅನುಮಾನ ಇನ್ನೂ ಹೋಗಿಲ್ಲ.

ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ. ಬ್ಯಾಡಗಿಯಲ್ಲಿ ಅವರದು ಖಾರದಪುಡಿಯ ಗಿರಣಿ. ಅವನು ಅವತ್ತು ಫೋನ್ ಮಾಡಿದ.

"ಮೇಡಂ, ನೀವು ಕ್ಲಾಸಿನಾಗ ಹೇಳತಿದ್ರಲ್ಲ, ಹಳೇ ಯಂತ್ರ ಹೊಸಾ ಯಂತ್ರದ ಲೆಕ್ಕಾ, ಅದು ಈಗ ನಮ್ಮ ಮನಿಗೇ ಬಂದೈತ್ರಿ. ಒಂದ್ ದಿನ ಬಂದು ನೋಡಿ ಹೇಳ್ರಿ."

ಅವರ ಗಿರಣಿಯಲ್ಲಿದ್ದ ಪುಡಿ ಮಾಡುವ ಯಂತ್ರ ಅವನ ತಂದೆಯ ಕಾಲದ್ದು. ಸ್ವಲ್ಪ ಹೊತ್ತು ಓಡಿದರೆ ಕಾಯುತ್ತಿತ್ತು. ಕಾದರೆ ಪುಡಿಯ ಕೆಂಪು ಬಣ್ಣ ಇಳಿಯುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಮಂಜುನಾಥನಿಗೆ ನೀರಿನಿಂದ ತಂಪಾಗುತ್ತಲೇ ಪುಡಿ ಮಾಡುವ ಹೊಸ ಯಂತ್ರ ತರಬೇಕೆಂಬ ಆಸೆ. ಆದರೆ ಗಿರಣಿ ಇದ್ದದ್ದು ಅವನ ಅಕ್ಕ ಗಿರಿಜಾ ಅವರ ಹೆಸರಿನಲ್ಲಿ. ಬ್ಯಾಂಕಿನ ಸಾಲವೂ ಅವರ ಹೆಸರಿಗೇ ಬರಬೇಕು.

"ಅಕ್ಕ ಬ್ಯಾಡ ಅನ್ನಂಗಿಲ್ಲ, ಹೂಂ ಅನ್ನಂಗಿಲ್ಲ. ಯಾವಾಗ ಕೇಳಿದ್ರೂ ನೋಡೋಣಂತ ಅಂತಾಳ್ರಿ. ನೀವು ಲೆಕ್ಕಾ ಮಾಡಿ ಹೇಳಿದ್ರ ಒಪ್ಪತಾಳ," ಎಂದ.

ನನಗೆ ಒಳಗೊಳಗೇ ಖುಷಿಯಾಯಿತು. ಬೋರ್ಡಿನ ಮೇಲೆ ಎಷ್ಟೋ ಕಾರ್ಖಾನೆಗಳ ಲೆಕ್ಕ ಬಿಡಿಸಿದ್ದೆ. ನಿಜವಾದ ಕಾರ್ಖಾನೆಯವರು ನನ್ನನ್ನು ಕರೆದದ್ದು ಅದೇ ಮೊದಲು. ಮರುದಿನ ಬೆಳಗಿನ ಬಸ್ಸಿಗೇ ಹೊರಟೆ.

ಗಿರಣಿ ಪೇಟೆಯಿಂದ ತುಸು ಆಚೆ ಇತ್ತು. ಮುಂದೆ ಅಂಗಳ, ನಡುವೆ ಗಿರಣಿ, ಹಿಂದೆ ಮನೆ. ಅಂಗಳದ ನೆರಳಿನಲ್ಲಿ ಹೆಂಗಸರು ಗುಂಪಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ಗೇಟು ದಾಟಿದ್ದೇ ತಡ ನನಗೆ ಸೀನು ಶುರುವಾಯಿತು. ಕಣ್ಣಲ್ಲಿ ನೀರು. ಮಾತಾಡಲು ಬಾಯಿ ತೆರೆದರೆ ಕೆಮ್ಮು. ಆ ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿ ನಕ್ಕರು. ಯಂತ್ರ ಪರೀಕ್ಷೆ ಮಾಡಲು ಬಂದ ಮೇಡಂ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತರೆ ಇನ್ನೇನು ಮಾಡಿಯಾರು?

"ಮೊದಲ ಸಲ ಬಂದವ್ರಿಗೆ ಎಲ್ಲಾರ್ಗೂ ಹಿಂಗ ಆಗತೈತ್ರಿ. ಬರ್ರಿ, ಒಳಗ ಕುಂಡ್ರಿ," ಎನ್ನುತ್ತ ಒಬ್ಬರು ಬಂದು ಕೈಗೆ ನೀರಿನ ತಂಬಿಗೆ ಕೊಟ್ಟರು. ಅವರೇ ಗಿರಿಜಕ್ಕ. ನಲವತ್ತು ದಾಟಿದವರು. ಎತ್ತರದ ಆಳು, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದರು. ತಂದೆ ತೀರಿಕೊಂಡಾಗ ಮಂಜುನಾಥ ಇನ್ನೂ ಶಾಲೆಯಲ್ಲಿದ್ದನಂತೆ. ಆಗಿನಿಂದ ಗಿರಣಿಯನ್ನೂ ಮನೆಯನ್ನೂ ನಡೆಸಿದವರು ಅವರೇ. ಮದುವೆಯಾಗಿರಲಿಲ್ಲ. ಬಂದ ಸಂಬಂಧಗಳೆಲ್ಲ 'ತಮ್ಮ ದೊಡ್ಡವನಾಗಲಿ' ಎನ್ನುವುದರಲ್ಲೇ ಮುಗಿದುಹೋದವೆಂದು ಮಂಜುನಾಥನೇ ಒಮ್ಮೆ ಹೇಳಿದ್ದ.

ಗಾಜಿನ ಕಿಟಕಿಯ ಸಣ್ಣ ಆಫೀಸಿನಲ್ಲಿ ನನ್ನನ್ನು ಕೂರಿಸಿದರು. ಮಂಜುನಾಥ ತನಗೆ ತಿಳಿದದ್ದನ್ನೆಲ್ಲ ಹುರುಪಿನಿಂದ ಹೇಳಿದ. ಕರೆಂಟು ಎಷ್ಟು ಉಳಿಯುತ್ತದೆ, ಬಣ್ಣ ಇಳಿದು ವಾಪಸು ಬರುವ ಪುಡಿ ಎಷ್ಟು, ಹಳೆಯದಕ್ಕೆ ಗುಜರಿಯವರು ಎಷ್ಟು ಕೊಟ್ಟಾರು. "ಕೋಲ್ಡ್ ಸ್ಟೋರೇಜಿನಾಗ ಕಾಯಿ ಇಟ್ರ ವರ್ಷಪೂರ್ತಿ ಓಡಿಸಬಹುದ್ರಿ," ಎಂದ. ಈ ಗಿರಣಿ ಇನ್ನೆಷ್ಟು ವರ್ಷ ನಡೆಯುತ್ತದೆಂದು ಹಿಡಿಯಲಿ ಎಂದು ಕೇಳಿದೆ. ಈ ಲೆಕ್ಕದಲ್ಲಿ ಅದು ಬಹಳ ಮುಖ್ಯ. ಯಂತ್ರಕ್ಕೆ ಹಾಕಿದ ಹಣವನ್ನು ಅಷ್ಟು ವರ್ಷಗಳ ಮೇಲೆ ಹರಡಬೇಕು.

"ಹದಿನೈದು ಹಿಡೀರಿ ಮೇಡಂ. ಯಾಕ, ಇನ್ನೂ ಹೆಚ್ಚಿಗಿ ಹಿಡೀರಿ," ಎಂದು ನಕ್ಕು ಅವನು ಮಾರ್ಕೆಟ್ ಯಾರ್ಡಿಗೆ ಹೋದ.

ಸ್ವಲ್ಪ ಹೊತ್ತಿಗೆ ಗಿರಿಜಕ್ಕ ಚಹಾ ತಂದರು. ಒಂದು ಕಡೆಯ ಮಾತು ಮಾತ್ರ ಕೇಳಿ ಲೆಕ್ಕ ಮಾಡಬಾರದೆಂದು ಅವರನ್ನೂ ಅವೇ ಪ್ರಶ್ನೆ ಕೇಳಿದೆ. ಕರೆಂಟು, ರಿಪೇರಿ, ವಾಪಸು ಬರುವ ಮಾಲು, ಎಲ್ಲದರಲ್ಲೂ ಅಕ್ಕ ತಮ್ಮ ಇಬ್ಬರ ಮಾತೂ ಸರಿಯಾಗಿ ಕೂಡುತ್ತಿತ್ತು. ಕೊನೆಗೆ, "ಗಿರಣಿಗೆ ಎಷ್ಟು ವರ್ಷ ಹಿಡೀಲ್ರಿ ಅಕ್ಕಾ?" ಎಂದೆ.

ಅವರು ಕಿಟಕಿಯಾಚೆ ನೋಡಿದರು. ತಡಮಾಡಿ ಹೇಳಿದರು: "ನಾಕು ಅಂತ ಹಿಡೀರಿ."

"ನಾಕ ಏನ್ರಿ?"

"ಹೂಂ. ನಾಕು."

ನಾನು ಮತ್ತೆ ಕೇಳಲಿಲ್ಲ. ಅವರ ಜಾಗ ಬಾಡಿಗೆಯದಿರಬಹುದು, ರಸ್ತೆ ಅಗಲ ಮಾಡುವವರಿರಬಹುದು, ಏನೋ ಒಂದು ಕಾರಣ ಇರಬೇಕೆಂದುಕೊಂಡೆ. ಅವರು ಕಪ್ಪು ತೆಗೆದುಕೊಂಡು ಹೋದರು.

ಮೊದಲು ಹದಿನೈದು ವರ್ಷ ಹಿಡಿದು ಲೆಕ್ಕ ಮಾಡಿದೆ. ಹೊಸ ಯಂತ್ರ ಕೊಳ್ಳುವುದೇ ಸರಿ ಎಂದು ಬಂತು. ಅನುಮಾನಕ್ಕೆ ಜಾಗವೇ ಇಲ್ಲದಷ್ಟು ಸ್ಪಷ್ಟವಾಗಿ. ಆಮೇಲೆ ನಾಲ್ಕು ಹಿಡಿದು ಮಾಡಿದೆ. ಹಳೆಯದನ್ನೇ ರಿಪೇರಿ ಮಾಡಿಸುವುದು ಸರಿ ಎಂದು ಬಂತು. ಅದೂ ಅಷ್ಟೇ ಸ್ಪಷ್ಟ. ಎಲ್ಲೋ ತಪ್ಪಿದೆನೆಂದು ಮತ್ತೆ ಮಾಡಿದೆ. ಬಡ್ಡಿ ಬದಲಿಸಿ ನೋಡಿದೆ, ಕರೆಂಟಿನ ಖರ್ಚು ಏರಿಸಿ ಇಳಿಸಿ ನೋಡಿದೆ. ಉತ್ತರ ಅಲುಗಾಡಲಿಲ್ಲ. ವರ್ಷದ ಅಂಕಿಯನ್ನು ಬದಲಿಸಿದರೆ ಮಾತ್ರ ಎಲ್ಲ ತಿರುವುಮುರುವಾಗುತ್ತಿತ್ತು. ಹೊರಗೆ ಬಿಸಿಲು, ಒಳಗೆ ಖಾರದ ಗಾಳಿ. ಕಣ್ಣು ಒರೆಸಿ ಒರೆಸಿ ಕೆಂಪಾಗಿದ್ದವು. ಹಳೆಯ ವಿದ್ಯಾರ್ಥಿಯ ಮುಂದೆ 'ನನಗೆ ಉತ್ತರ ತಿಳಿಯಲಿಲ್ಲ' ಎಂದು ಹೇಗೆ ಹೇಳಲಿ ಎಂಬ ಚಿಂತೆ ಬೇರೆ.

ಮಧ್ಯಾಹ್ನ ಊಟಕ್ಕೆ ಹಿಂದಿನ ಮನೆಗೆ ಕರೆದರು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅವರ ತಾಯಿ ಪಾರ್ವತೆವ್ವ ಒಲೆಯ ಮುಂದಿಂದ ಬಿಸಿ ರೊಟ್ಟಿ ತಂದು ತಂದು ಹಾಕುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಹಿರಿಯರು ಅಕ್ಕೋರು ಎನ್ನುತ್ತಾರೆ. "ಇನ್ನೊಂದು ಹಾಕಸ್ಕೋರಿ ಅಕ್ಕೋರ, ನಮ್ಮ ಖಾರ ನಿಮಗ ನಾಟತೈತೋ ಏನೋ," ಎಂದು ಮೊಸರು ಸುರಿದರು. ಮಂಜುನಾಥ ನನ್ನೆದುರಿಗೆ ಕೂತಿದ್ದ. ಗಿರಿಜಕ್ಕ ಅವನ ಪಕ್ಕದಲ್ಲಿ.

"ಏನ್ ಬಂತ್ರಿ ಮೇಡಂ ಉತ್ತರ?" ಎಂದ.

ಮುಚ್ಚಿಡುವಂಥದ್ದೇನೂ ಇದೆಯೆಂದು ನನಗೆ ಹೊಳೆಯಲೇ ಇಲ್ಲ. "ಎರಡು ಉತ್ತರ ಬಂದಾವಪ್ಪ," ಎಂದೆ. "ನೀ ಹೇಳಿದಂಗ ಹದಿನೈದು ವರ್ಷ ಹಿಡಿದ್ರ ಹೊಸಾದು ತೊಗೊಳ್ಳೋದು ಚಲೋ. ಅಕ್ಕಾರು ಹೇಳಿದಂಗ ನಾಕು ವರ್ಷ ಹಿಡಿದ್ರ ತೊಗೊಳ್ಳಬಾರದು. ನೀವಿಬ್ರೂ ಕೂಡಿ ಒಂದು ಹೇಳಿಬಿಟ್ರ ನನ್ನ ಕೆಲಸ ಮುಗೀತು."

ಮಂಜುನಾಥನ ಕೈಯಲ್ಲಿನ ತುತ್ತು ಹಾಗೇ ನಿಂತಿತು.

"ನಾಕು ವರ್ಷ ಅಂದ್ರ ಏನಕ್ಕಾ?"

ಗಿರಿಜಕ್ಕ ತಾಟು ಪಕ್ಕಕ್ಕೆ ಸರಿಸಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಗಿರಣಿ ಮಾರಾಕಿ ಅದೀಯೇನ?"

"ಇಲ್ಲೋ."

ಅವನ ದನಿ ಥಟ್ಟನೆ ಬದಲಾಯಿತು. "ಅಕ್ಕಾ, ಆರಾಮ ಇಲ್ಲೇನ ನಿನಗ? ಹೋದ ತಿಂಗಳ ಹಾವೇರಿ ದವಾಖಾನಿಗೆ ಹೋಗಿದ್ದಿ. ಡಾಕ್ಟರ ಏನಂದ್ರು? ಖರೇ ಹೇಳು."

ಒಲೆಯ ಮುಂದಿದ್ದ ಪಾರ್ವತೆವ್ವನಿಗೆ ಅಷ್ಟು ಸಾಕಾಯಿತು. ಕೈಯಲ್ಲಿನ ರೊಟ್ಟಿ ಕೆಳಗೆ ಬಿತ್ತು. "ಅಯ್ಯ ನನ್ನ ಶಿವನ! ನನ್ನ ಮಗಳಿಗೆ ಏನಾತೋ!" ಎಂದು ಎದೆ ಬಡಿದುಕೊಂಡು ಅಲ್ಲೇ ಕುಸಿದು ಕೂತರು. ಒಂದು ಅಂಕಿ ಕೇಳಿದ್ದಕ್ಕೆ ಇಷ್ಟೆಲ್ಲ ಆಗುತ್ತದೆಂದು ಯಾರಿಗೆ ಗೊತ್ತಿತ್ತು? ಏಳಬೇಕೋ ಕೂರಬೇಕೋ ತಿಳಿಯದೆ ರೊಟ್ಟಿ ಮುರಿಯುತ್ತಲೇ ಇದ್ದೆ.

"ಅವ್ವಾ, ಅಳಬ್ಯಾಡ," ಎಂದು ಗಿರಿಜಕ್ಕ ಜೋರಾಗಿ ಹೇಳಿದರು. "ದವಾಖಾನಿಗೆ ಹೋಗಿದ್ದು ಹಲ್ಲಿಗೆ. ನನಗೇನೂ ಆಗಿಲ್ಲ. ನಾ ಮದಿವಿ ಆಗಾಕಿ ಅದೇನಿ."

ಪಾರ್ವತೆವ್ವನ ಅಳು ಅರ್ಧಕ್ಕೇ ನಿಂತಿತು. ಹೊರಗೆ ಅಂಗಳದಲ್ಲಿ ಹೆಂಗಸರು ನಗುವುದು ಕೇಳಿಸುತ್ತಿತ್ತು. ಅದು ಈ ಮಾತಿಗಲ್ಲ, ಅವರದೇ ಏನೋ.

"ಯಾರ ಜೋಡಿ?" ಎಂದರು ಪಾರ್ವತೆವ್ವ.

"ತಕ್ಕಡಿ ಶೇಖರಪ್ಪನವರ ಜೋಡಿ."

ಶೇಖರಪ್ಪ ಯಾರೆಂಬುದು ನನಗೆ ಆಮೇಲೆ ತಿಳಿಯಿತು. ಐರಣಿಯವರು. ರಾಣೆಬೆನ್ನೂರಿನಲ್ಲಿ ತೂಕದ ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಮಗಳೊಬ್ಬಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಸುತ್ತಲಿನ ಗಿರಣಿಗಳ ತಕ್ಕಡಿ, ಕಾಟಾ ಎಲ್ಲ ನೋಡಿಕೊಳ್ಳುವವರು ಅವರೇ. ಪಾರ್ವತೆವ್ವ ಒಂದು ಗಳಿಗೆ ಮಗಳನ್ನೇ ದಿಟ್ಟಿಸಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಎಂಬಂತೆ ಅಂದರು:

"ಅದಕ್ಕ ನಮ್ಮ ತಕ್ಕಡಿ ತಿಂಗಳಾತಂದ್ರ ಕೆಡತಿತ್ತೇನು!"

ನನಗೆ ನಗು ಉಕ್ಕಿ ಬಂತು. ಅದನ್ನು ತಡೆಯಲು ಹೋಗಿ ಖಾರ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಯಿತು. ಪಾರ್ವತೆವ್ವ, "ನೋಡು, ಹೊರಗಿನವ್ರು ಸೈತ ಅಳಾಕತ್ಯಾರ," ಎಂದು ಮತ್ತೆ ಅಳತೊಡಗಿದರು. ಗಿರಿಜಕ್ಕನ ಕಣ್ಣಲ್ಲೂ ನೀರಿತ್ತು. ಆ ಮನೆಯಲ್ಲಿ ಯಾರದು ಖಾರದ ನೀರು, ಯಾರದು ದುಃಖದ್ದು ಎಂದು ಹೇಳಲು ಬರುವಂತಿರಲಿಲ್ಲ.

"ಮದಿವಿ ಆಗೋದಾದ್ರ ಆಗು," ಎಂದ ಮಂಜುನಾಥ. ದನಿ ಒರಟಾಗಿತ್ತು. "ನಾಕು ವರ್ಷದ ಮಾತು ಎಲ್ಲಿಂದ ಬಂತು?"

"ನಿನಗಿನ್ನೂ ಕಲಿಯೋದೈತಿ ಮಂಜ್ಯಾ. ಕಾಯಿ ಆರಿಸೋದು, ಹದ ನೋಡೋದು, ದಲಾಲರ ಜೋಡಿ ಮಾತಾಡೋದು. ಅವೆಲ್ಲಾ ನಿನ್ನ ಕೈಗೆ ಬರಲಿ ಅಂತ. ಅವರಿಗೂ ನಾಕು ವರ್ಷ ತಡೀರಿ ಅಂತ ಹೇಳೇನಿ. ಹೊಸಾ ಯಂತ್ರ ತಂದ್ರ ಸಾಲ ನನ್ನ ಹೆಸರಿಗೆ. ಅದು ತೀರೋತನಕ ನಾ ಈ ಗಿರಣಿ ಬಿಟ್ಟು ಹೆಂಗ ಹೋಗಲಿ? ಬ್ಯಾಡ ಅಂದ್ರ ನಿನ್ನ ಆಸೆ ಮುರದಂಗ ಆಕ್ಕೈತಿ. ಅದಕ್ಕ ನೋಡೋಣ, ನೋಡೋಣ ಅಂತಿದ್ದೆ."

ಅವನು ಸಿಟ್ಟಾದದ್ದು ಮದುವೆಗಲ್ಲ. ನನಗೆ ಅದೇ ಆಶ್ಚರ್ಯ. "ಅಂದ್ರ ನನ್ನ ಮ್ಯಾಲ ನಿನಗ ನಂಬಿಗಿ ಇಲ್ಲ. ನಾಕು ವರ್ಷ ಬೇಕು ನನಗ ಖಾರ ಕುಟ್ಟೋದು ಕಲಿಯಾಕ!" ಎಂದವನೇ ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದ.

ನಾನೂ ಹೊರಡಬೇಕೆಂದು ಎದ್ದೆ. ಪಾರ್ವತೆವ್ವ ನನ್ನ ಕೈ ಹಿಡಿದು ಬಿಡಲಿಲ್ಲ. "ಅಕ್ಕೋರ, ನೀವು ಕಲ್ತವ್ರು. ಈ ವಯಸ್ಸಿನಾಗ ಇದು ಸರಿಯೋ ತಪ್ಪೋ ನೀವ ಹೇಳ್ರಿ. ಮಂದಿ ಏನಂದಾರು?"

"ಅವ್ವಾರ, ನಾ ಯಂತ್ರದ ಲೆಕ್ಕಾ ಮಾಡಾಕ ಬಂದಾಕಿ," ಎಂದೆ.

ಅಷ್ಟರಲ್ಲಿ ಗಿರಣಿ ಶುರುವಾದ ಸದ್ದು ಕೇಳಿತು. ಮಂಜುನಾಥ ಒಬ್ಬನೇ ಹೋಗಿ ಯಂತ್ರ ಹಾಕಿದ್ದ. ಗಿರಿಜಕ್ಕ ತಲೆ ಎತ್ತಿ ಕಿವಿಗೊಟ್ಟರು. ಸದ್ದು ಮೊದಲು ಸಮನಾಗಿತ್ತು. ಆಮೇಲೆ ಭಾರವಾಯಿತು, ಬಹಳ ಹೇರಿದ ಗಾಡಿ ಏರು ಹತ್ತುವಾಗ ನರಳುವಂತೆ. ಸಿಟ್ಟಿನಲ್ಲಿ ಕಾಯಿ ಹೆಚ್ಚು ಸುರಿದಿರಬೇಕೆಂದು ನನಗೂ ಗೊತ್ತಾಯಿತು. ಗಿರಿಜಕ್ಕ ಏಳಲು ಹೋದರು. ಆಗ ಪಾರ್ವತೆವ್ವ ನನ್ನ ಕೈ ಬಿಟ್ಟು ಮಗಳ ಸೆರಗು ಹಿಡಿದರು.

"ಕುಂಡ್ರು. ಹೋಗಾಕಿ ಅಂದ ಮ್ಯಾಲ ಈಗ ಯಾಕ ಓಡ್ತಿ?"

ಅದನ್ನು ಸಿಟ್ಟಿನಿಂದ ಅಂದರೋ, ಒಪ್ಪಿಗೆಯಿಂದ ಅಂದರೋ ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಗಿರಿಜಕ್ಕ ಕೂತರು. ಕೈ ಎರಡನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಹೊರಗೆ ಮೋಟರು ಒಮ್ಮೆ ಕಿರುಚಿ ನಿಂತೇಹೋಯಿತು. ಅಂಗಳದ ಹೆಂಗಸರ ಮಾತೂ ನಿಂತಿತು. ಪಟ್ಟಿ ಬಿಚ್ಚುವ ಸದ್ದು, ಏನೋ ಬಡಿಯುವ ಸದ್ದು. ಎಷ್ಟೋ ಹೊತ್ತಿನ ಮೇಲೆ ಯಂತ್ರ ಮತ್ತೆ ತಿರುಗಿತು. ಈ ಸಲ ಮೆಲ್ಲಗೆ, ಒಂದೇ ಸಮನೆ. ಗಿರಿಜಕ್ಕನ ಹೆಗಲು ಇಳಿದವು.

ಮಂಜುನಾಥ ಬಾಗಿಲಲ್ಲಿ ಬಂದು ನಿಂತ. ಹುಬ್ಬು, ಮೀಸೆ ಎಲ್ಲ ಕೆಂಪಾಗಿದ್ದವು. ಅಂಗೈಯಲ್ಲಿ ಪುಡಿ ಹಿಡಿದು ಅಕ್ಕನ ಮುಂದೆ ಚಾಚಿದ. ಗಿರಿಜಕ್ಕ ಚಿಟಿಕೆ ತೆಗೆದು ಅಂಗೈಗೆ ತಿಕ್ಕಿ, ಬೆಳಕಿಗೆ ಹಿಡಿದು ನೋಡಿದರು.

"ಸ್ವಲ್ಪ ಕಾದೈತಿ. ಬಣ್ಣ ಇಳದೈತಿ."

"ಗೊತ್ತೈತಿ," ಎಂದ. "ಖರೇ ಹೇಳು, ನನಗ ಎಷ್ಟು ವರ್ಷ ಬೇಕು?"

ಅವರು ಆ ಪುಡಿಯನ್ನೇ ನೋಡುತ್ತ ಇದ್ದರು. "ಬರೋ ಸೀಸನ್ ತನಕ," ಎಂದರು ಕೊನೆಗೆ.

"ಆತು."

ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಇನ್ನೊಮ್ಮೆ ಲೆಕ್ಕಾ ಮಾಡ್ರಿ," ಎಂದ.

ನಾನು ಏನು ಮಾಡಲಿ? ಅಕ್ಕನಿಗೆ ಒಂದು ವರ್ಷ, ತಮ್ಮನಿಗೆ ಎಷ್ಟೆಂದು ಗೊತ್ತಿಲ್ಲ, ತಾಯಿ ಇನ್ನೂ ಒಪ್ಪಿಲ್ಲ. ಇಂಥದ್ದನ್ನು ಯಾವ ಸೂತ್ರಕ್ಕೆ ಹಾಕಬೇಕೆಂದು ನಾನು ಓದಿರಲಿಲ್ಲ. "ಬರೋ ಸೀಸನ್ ಮುಗಿಯೋತನಕ ಹಳೇದರಾಗೇ ಓಡಿಸ್ರಿ. ಸದ್ಯ ನನಗ ಇದಕ್ಕಿಂತ ಹೆಚ್ಚಿಗಿ ಏನೂ ತಿಳಿಯವಲ್ದು," ಎಂದೆ. ಅವನು ತಲೆಯಾಡಿಸಿದ. ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ. ನಾನು ಇಳಿದ ಮೇಲೆ, "ಯಂತ್ರದ ಸಲುವಾಗಿ ಕರೆಸಿದ್ದೆ, ನೀವು ನಮ್ಮಕ್ಕನ್ನ ಕಳಸಾಕ ಹತ್ತೀರಲ್ರಿ," ಎಂದ. ನಗುತ್ತಿದ್ದನೋ, ಬೇಸರವಾಗಿತ್ತೋ, ಖಾರದಿಂದ ಕೆಂಪಾದ ಆ ಮುಖದಲ್ಲಿ ನನಗೆ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಮನಸ್ಸು ಗೊಂದಲದ ಗೂಡಾಗಿತ್ತು. ಅಕ್ಕ ನನ್ನನ್ನು ನಂಬಿ ಹೇಳಿದ್ದನ್ನು ಊಟಕ್ಕೆ ಕೂತಲ್ಲಿ ಎಲ್ಲರೆದುರು ಒದರಿದೆನೇ? ಅಥವಾ ಯಾರಾದರೂ ಒದರಲಿ ಎಂದೇ ಅವರು ಆ ಅಂಕಿ ಹೇಳಿದ್ದರೇ? ಮನೆಗೆ ಬಂದ ಮೇಲೆ ಅಮ್ಮಿ ನನ್ನ ಕೆಂಪಾದ ಕಣ್ಣು ನೋಡಿ ಗಾಬರಿಯಾದಳು. ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: ಯಂತ್ರ ಕೊಂಡರಾ, ಇಲ್ಲವಾ?

ಮುಂದಿನ ಸೀಸನ್ ಮುಗಿದ ಮೇಲೆ ಐರಣಿಯಲ್ಲಿ ಶೇಖರಪ್ಪನವರ ಮನೆಯ ಮುಂದೆ ಸಣ್ಣ ಚಪ್ಪರ ಹಾಕಿ ಮದುವೆ ಮಾಡಿದರು. ನಾನೂ ಅಮ್ಮಿಯೂ ಹೋಗಿದ್ದೆವು. ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದ ಪಾರ್ವತೆವ್ವ ಅಕ್ಷತೆಯ ಹೊತ್ತಿಗೆ ಬಂದು ಹಿಂದೆ ಕೂತರು. ಯಾರೊಂದಿಗೂ ಮಾತಿಲ್ಲ. ಊಟದ ಹೊತ್ತಿಗೆ ಮಾತ್ರ ಅಡುಗೆಯವರ ಬಳಿ ಹೋಗಿ, ನನ್ನ ಮಗಳ ಮದುವೆಯಲ್ಲಿ ಅನ್ನ ಬೇಯಿಸಲು ಬರುವುದಿಲ್ಲವೇ ಎಂದು ಜಗಳ ತೆಗೆದರು. ಅದನ್ನು ಕೇಳಿ ಗಿರಿಜಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ.

ಅದಾದ ಮೇಲೆ ಮಂಜುನಾಥ ಯಂತ್ರದ ವಿಷಯಕ್ಕೆ ಮತ್ತೆ ಫೋನ್ ಮಾಡಿದ. ವರ್ಷದ ಪ್ರಶ್ನೆ ಕೇಳಲು ಈ ಸಲ ನನಗೇ ಹೆದರಿಕೆ. ಅವನೇ ಹೇಳಿದ: "ಹತ್ತು ಹಿಡೀರಿ ಮೇಡಂ. ಗಿರಣಿ ಈಗ ನನ್ನ ಹೆಸರಿಗಾಗೈತಿ, ಸಾಲಾನೂ ನನ್ನ ಹೆಸರಿಗೇ. ಯಾರನ್ನೂ ಕೇಳೋದು ಬ್ಯಾಡ, ಇವು ನನ್ನವೇ ಹತ್ತು." ಹೊಸ ಯಂತ್ರ ಬಂತು. ಮೊದಲ ವರ್ಷ ಅಷ್ಟಕ್ಕಷ್ಟೇ ನಡೆಯಿತು. ಈಗ ಪರವಾಗಿಲ್ಲ ಎನ್ನುತ್ತಾನೆ.

ಮೊನ್ನೆ ರಾಣೆಬೆನ್ನೂರಿನ ಪೇಟೆಯಲ್ಲಿ ಹೋಗುವಾಗ ಶೇಖರಪ್ಪನವರ ಅಂಗಡಿಯಲ್ಲಿ ಗಿರಿಜಕ್ಕ ಕೂತಿದ್ದರು. ಯಾರದೋ ಕಿರಾಣಿ ಅಂಗಡಿಯ ತಕ್ಕಡಿಯ ತಟ್ಟೆ ತೊಳೆದು ಒರೆಸುತ್ತಿದ್ದರು. ಒಳಗೆ ಕರೆದು ಚಹಾ ತರಿಸಿದರು. ಇಷ್ಟು ದಿನ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತನ್ನು ಅವತ್ತು ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತ ನಾ ಊಟದಾಗ ಹಂಗ ಹೇಳಿಬಿಟ್ಟೆ. ನಿಮಗ ಸಿಟ್ಟು ಬಂದಿತ್ತೇನ್ರಿ?"

"ಬಂದಿತ್ರಿ," ಎಂದರು. "ಬಾಳ ಬಂದಿತ್ತು."

"ನಾ ಹೇಳದಿದ್ರ ನಾಕು ವರ್ಷಕ್ಕ ಹೊರಡತಿದ್ರೇನ?"

ಅವರು ಒರೆಸುವುದನ್ನು ನಿಲ್ಲಿಸಿದರು. ರಸ್ತೆಯ ಕಡೆ ನೋಡಿದರು.

"ನಾಕು ಮುಗದ ಮ್ಯಾಲ ಇನ್ನೊಂದ ನಾಕು ಅಂತಿದ್ನೋ ಏನೋ. ನನಗೂ ಗೊತ್ತಿಲ್ರಿ," ಎಂದರು.

ಒಳ್ಳೆಯದು ಮಾಡಿದೆನೋ, ಮಾತು ತಿಳಿಯದೆ ಮೂಗು ತೂರಿಸಿದೆನೋ ಎಂಬ ಗೊಂದಲ ನನ್ನಲ್ಲಿ ಇನ್ನೂ ಇದೆ. ಒಂದು ಮಾತ್ರ ಆಗಿದೆ. ಈಗ ಯಾರದಾದರೂ ಕಾರ್ಖಾನೆಯ ಲೆಕ್ಕಕ್ಕೆ ಕೂತರೆ, ಯಾವ ಅಂಕಿಯನ್ನೂ ಹಿಡಿಯುವ ಮೊದಲು ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದು ಕೇಳುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ. ಯಾಕೆ ಕೇಳಿದೆ ಎಂದು ಹೇಳಲು ಹೋಗುವುದಿಲ್ಲ. ಅವರ ಉತ್ತರ ಬರುವವರೆಗೆ ಸುಮ್ಮನೆ ಕೂತಿರುತ್ತೇನೆ.